ಹೂವಿಗೆ ಇನ್ನೊಂದಿಂಚು ಹತ್ತಿರ

ಹೋದ ಸೆಮಿಸ್ಟರ್‌ನ ಭಾನುವಾರಗಳಲ್ಲಿ ಹಾಸ್ಟೆಲ್ ಹಿಂದಿನ ಖಾಲಿ ಜಾಗದಲ್ಲಿ ನಾಲ್ಕು ಜನ ಬೋರಲು ಮಲಗಿರೋದನ್ನು ಯಾರಾದರೂ ನೋಡಿದ್ದರೆ, ಅದು ನಾವೇ. ಮೊದಲ ದಿನ ಸೆಕ್ಯುರಿಟಿ ಅಣ್ಣ ಬಂದು "ಏನ್ ಕಳ್ಕೊಂಡ್ರಪ್ಪಾ? ನಾನೂ ಹುಡುಕ್ಲಾ?" ಅಂತ ಕೇಳಿದ್ರು. ಹೂವಿನ ಫೋಟೋ ತೆಗೀತಿದ್ದೀವಿ ಅಂದಾಗ ಸುತ್ತ ಒಮ್ಮೆ ನೋಡಿ, "ಹೂವೆಲ್ಲಿದೆ ಇಲ್ಲಿ?" ಅಂದ್ರು. ಅವರದ್ದೇನೂ ತಪ್ಪಿಲ್ಲ. ನಿಂತು ನೋಡಿದರೆ ಅಲ್ಲಿ ಕಾಣೋದು ಕಾಂಗ್ರೆಸ್ ಗಿಡ, ಒಣಗಿದ ಹುಲ್ಲು, ಎರಡು ಒಡೆದ ಬಕೆಟ್ಟು. ಮೊಣಕಾಲೂರಿ ಕೂತರೆ ತುಂಬೆ ಕಾಣುತ್ತೆ. ಮಲಗಿದರೆ ಮಾತ್ರ ವಿಷ್ಣುಕ್ರಾಂತಿ. ಶರ್ಟಿನ ಗುಂಡಿಗಿಂತ ಚಿಕ್ಕದಾದ ನೀಲಿ ಹೂವು, ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಂಡು ಬಿಡುತ್ತೆ.

ಆ ಜಾಗದಲ್ಲಿ ಹೊಸ ಬ್ಲಾಕ್ ಬರುತ್ತೆ ಅನ್ನೋ ಸುದ್ದಿ ಆಗಲೇ ಇತ್ತು. ಅದು ಬರೋದರೊಳಗೆ ಅಲ್ಲಿ ಏನೇನು ಬೆಳೀತಿದೆ ಅಂತ ಫೋಟೋ ತೆಗೆದು, ಕನ್ನಡ ಹೆಸರು ಹಾಕಿ, ಇದೇ ಪತ್ರಿಕೆಯಲ್ಲಿ ಒಂದು ಆಲ್ಬಂ ಮಾಡೋಣ ಅಂತ ಹೊರಟೆವು. ಆಲ್ಬಂ ನಾವಂದುಕೊಂಡ ಹಾಗೆ ಆಗಲಿಲ್ಲ. ಯಾಕೆ ಅನ್ನೋದಕ್ಕೆ ಆಮೇಲೆ ಬರ್ತೀವಿ. ಹತ್ತಿರದ ಫೋಟೋ ತೆಗೆಯೋದು ಹೇಗೆ ಅಂತ ಮಾತ್ರ ತಕ್ಕಮಟ್ಟಿಗೆ ಕಲಿತೆವು. ಅದರಲ್ಲಿ ಮುಕ್ಕಾಲು ಪಾಲು ನಾವು ಪಿಯುಸಿಯಲ್ಲಿ ಓದಿ ಮರೆತ ಫಿಸಿಕ್ಸೇ.

ಮೊದಲು ಎಲ್ಲರಿಗೂ ಆಗೋ ತೊಂದರೆ. ಫೋನನ್ನು ಹೂವಿನ ಹತ್ತಿರ ಒಯ್ತೀರಿ, ಇನ್ನೂ ಹತ್ತಿರ ಒಯ್ತೀರಿ, ಒಂದು ಹಂತದ ನಂತರ ಫೋಕಸ್ ಸಿಗೋದೇ ಇಲ್ಲ. ಇದು ಫೋನಿನ ದೋಷವಲ್ಲ. ವಸ್ತು ಹತ್ತಿರ ಬಂದಷ್ಟೂ ಅದರ ಬಿಂಬ ಲೆನ್ಸಿನಿಂದ ದೂರ ಹೋಗಿ ಬೀಳುತ್ತೆ. ಆ ಬಿಂಬ ಸೆನ್ಸರ್ ಮೇಲೇ ಬೀಳಬೇಕು ಅಂದರೆ ಲೆನ್ಸನ್ನು ಮುಂದಕ್ಕೆ ತಳ್ಳಬೇಕು. 50 ಮಿ.ಮೀ. ಲೆನ್ಸ್ ತೊಗೊಳ್ಳಿ. ಹೂವು ಇರೋ ಗಾತ್ರದಲ್ಲೇ ಸೆನ್ಸರ್ ಮೇಲೆ ಮೂಡಬೇಕಾದರೆ ಹೂವು ಲೆನ್ಸಿನಿಂದ 100 ಮಿ.ಮೀ. ಈಚೆ, ಸೆನ್ಸರ್ 100 ಮಿ.ಮೀ. ಆಚೆ ಇರಬೇಕು. ಅಂದರೆ ಲೆನ್ಸ್ ಮಾಮೂಲಿ ಜಾಗದಿಂದ 50 ಮಿ.ಮೀ. ಮುಂದೆ ಬರಬೇಕು. ಸಾಧಾರಣ 50 ಮಿ.ಮೀ. ಲೆನ್ಸಿನ ಫೋಕಸ್ ರಿಂಗ್ ಅದನ್ನು ಏಳೆಂಟು ಮಿ.ಮೀ. ಮಾತ್ರ ಮುಂದಕ್ಕೆ ತಳ್ಳುತ್ತೆ. ಹಾಗಾಗಿ ಸಿಗೋದು 0.15ರಷ್ಟು ವರ್ಧನೆ. ಒಂದು ಸೆಂ.ಮೀ. ಹೂವು ಸೆನ್ಸರ್ ಮೇಲೆ ಒಂದೂವರೆ ಮಿ.ಮೀ. ಚುಕ್ಕಿ, ಅಷ್ಟೆ.

ಈ ಲೆಕ್ಕ ತಲೆಯಲ್ಲಿದ್ದರೆ ಮಾರ್ಕೆಟ್ಟಿನಲ್ಲಿ ಸಿಗೋ ಎಲ್ಲಾ ಸಾಮಾನು ಏನು ಮಾಡುತ್ತೆ ಅಂತ ತಾನೇ ಅರ್ಥ ಆಗುತ್ತೆ. ಎಕ್ಸ್‌ಟೆನ್ಶನ್ ಟ್ಯೂಬ್ ಅಂದರೆ ಒಳಗೆ ಗಾಜೇ ಇಲ್ಲದ ಖಾಲಿ ಕೊಳವೆ. ಲೆನ್ಸನ್ನು ಸೆನ್ಸರಿನಿಂದ ದೂರ ಇಡೋದಷ್ಟೇ ಅದರ ಕೆಲಸ. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಎಷ್ಟು ವರ್ಧನೆ ಜಾಸ್ತಿ ಆಗುತ್ತೆ ಅಂತ ಗೊತ್ತಾಗುತ್ತೆ. 50ರ ಲೆನ್ಸಿಗೆ 25 ಮಿ.ಮೀ. ಟ್ಯೂಬ್ ಹಾಕಿದರೆ ಅರ್ಧ ಪಟ್ಟು ಹೆಚ್ಚುತ್ತೆ, ಮೊದಲೇ ಇದ್ದ 0.15 ಸೇರಿ 0.65.

ಇನ್ನೊಂದು ದಾರಿ ಲೆನ್ಸಿನ ಮುಂದೆ ಇನ್ನೊಂದು ಉಬ್ಬುಗಾಜು ಇಡೋದು. ಫೋನಿಗೆ ಸಿಕ್ಕಿಸೋ ಕ್ಲಿಪ್ ಲೆನ್ಸ್ ಇದೇ ಜಾತಿಯದು. ಫೋನು ದೂರಕ್ಕೆ ಫೋಕಸ್ ಮಾಡಿಕೊಂಡು ಕೂತಿದ್ದರೂ, ಸಿಕ್ಕಿಸಿದ ಗಾಜಿನ ಫೋಕಲ್ ಲೆಂತ್ ಎಷ್ಟೋ ಅಷ್ಟು ದೂರದಲ್ಲಿರೋ ವಸ್ತು ಸ್ಪಷ್ಟವಾಗಿ ಕಾಣುತ್ತೆ. ಕೆಟ್ಟುಹೋದ ಲೇಸರ್ ಪಾಯಿಂಟರ್ ಇದ್ದರೆ ಅದರ ಮುಂದಿರೋ ಪುಟ್ಟ ಪ್ಲಾಸ್ಟಿಕ್ ಲೆನ್ಸ್ ಬಿಚ್ಚಿ, ಹೇರ್‌ಪಿನ್ನಿಗೆ ಸಿಕ್ಕಿಸಿ, ಫೋನ್ ಕ್ಯಾಮೆರಾ ಮೇಲೆ ಟೇಪ್ ಹಾಕಿ ಅಂಟಿಸಿ ನೋಡಿ. ನಮ್ಮಲ್ಲೊಬ್ಬ ಹಾಗೆ ಮಾಡಿದ. ಸುಮಾರು ಒಂದು ಸೆಂ.ಮೀ. ಅಗಲದ ಜಾಗ ಇಡೀ ಸ್ಕ್ರೀನ್ ತುಂಬಿತು. ಆದರೆ ಲೆನ್ಸಿಗೂ ಹೂವಿಗೂ ನಡುವೆ ಕೆಲವೇ ಮಿಲಿಮೀಟರು, ಫೋನಿನ ನೆರಳೇ ಹೂವಿನ ಮೇಲೆ. ಫ್ರೇಮಿನ ಅಂಚೆಲ್ಲ ಹರಡಿದ ಸಾಂಬಾರಿನ ಹಾಗೆ. ಕೇಸರದ ತುದಿ ಮಾತ್ರ ಬೇಕು ಅಂದರೆ ಸಾಕು. ಒಂದು ಎಚ್ಚರಿಕೆ: ಲೆನ್ಸ್ ಬಿಚ್ಚಿದ ಮೇಲೆ ಆ ಲೇಸರ್ ಡಯೋಡಿಗೆ ಕರೆಂಟ್ ಕೊಡೋಕೆ ಹೋಗಬೇಡಿ.

ಅಗ್ಗದ ಫೋನುಗಳಲ್ಲಿ ಬರೋ 2 ಮೆಗಾಪಿಕ್ಸೆಲ್ 'ಮ್ಯಾಕ್ರೋ' ಕ್ಯಾಮೆರಾ ಬಗ್ಗೆ ನಮ್ಮ ಅಭಿಪ್ರಾಯ ಕೇಳಿದರೆ, ಅದು ಬಾಕ್ಸಿನ ಮೇಲೆ ಅಚ್ಚು ಹಾಕೋದಕ್ಕೆ ಇರೋದು. ಮುಖ್ಯ ಕ್ಯಾಮೆರಾದಲ್ಲಿ ಫೋಕಸ್ ಸಿಗೋ ಅಷ್ಟು ದೂರ ನಿಂತು ತೆಗೆದು, ಆಮೇಲೆ ಕ್ರಾಪ್ ಮಾಡಿದರೆ ಬಹುಮಟ್ಟಿಗೆ ಅದಕ್ಕಿಂತ ಚೆನ್ನಾಗಿ ಬರುತ್ತೆ.

ನಮ್ಮ ಹತ್ತಿರ ಇದ್ದದ್ದು ಒಬ್ಬರ ಅಣ್ಣ ಬಿಟ್ಟುಹೋದ ಹಳೇ ಡಿಎಸ್‌ಎಲ್‌ಆರ್ ಮತ್ತು ಫಿಲ್ಮ್ ಕಾಲದ ಒಂದು 50 ಮಿ.ಮೀ. ಲೆನ್ಸು. ಮ್ಯಾಕ್ರೋ ಲೆನ್ಸ್ ಬೆಲೆ ನೋಡಿ ಬ್ರೌಸರ್ ಮುಚ್ಚಿದೆವು. ಕೆಲವು ನೂರು ರೂಪಾಯಿಗೆ ರಿವರ್ಸ್ ರಿಂಗ್ ಅಂತ ಒಂದು ಬಳೆ ಸಿಗುತ್ತೆ. ಅದನ್ನು ಹಾಕಿ ಲೆನ್ಸನ್ನು ಹಿಂದುಮುಂದಾಗಿ ಕೂರಿಸಬಹುದು. ಲೆನ್ಸ್ ತಿರುಗಿಸಿದರೆ ಯಾಕೆ ಕೆಲಸ ಮಾಡುತ್ತೆ? ಮಾಮೂಲಿ ಲೆನ್ಸನ್ನು ವಿನ್ಯಾಸ ಮಾಡೋದು ಮುಂದೆ ತುಂಬಾ ದೂರ, ಹಿಂದೆ ಸ್ವಲ್ಪ ದೂರ ಅನ್ನೋ ಲೆಕ್ಕದಲ್ಲಿ. ಒಂದು ಪಟ್ಟಿಗಿಂತ ಹೆಚ್ಚು ವರ್ಧನೆಗೆ ಹೋದಾಗ ಪರಿಸ್ಥಿತಿ ತಲೆಕೆಳಗು: ವಸ್ತು ಹತ್ತಿರ, ಬಿಂಬ ದೂರ. ಆಗ ಲೆನ್ಸನ್ನೂ ತಲೆಕೆಳಗು ಮಾಡಿದರೆ ಅದು ತನಗೆ ಗೊತ್ತಿರೋ ಕೆಲಸವನ್ನೇ ಮಾಡ್ತಾ ಇರುತ್ತೆ. 50ರ ಲೆನ್ಸ್ ತಿರುಗಿಸಿದರೆ ಹತ್ತಿರ ಹತ್ತಿರ ಒಂದು ಪಟ್ಟು ಸಿಗುತ್ತೆ. 18-55ರ ಕಿಟ್ ಲೆನ್ಸನ್ನು ತಿರುಗಿಸಿ 18ಕ್ಕೆ ಇಟ್ಟರೆ ಇನ್ನೂ ಜಾಸ್ತಿ. ಆದರೆ ಆಟೋಫೋಕಸ್ ಹೋಗುತ್ತೆ, ಕ್ಯಾಮೆರಾದಿಂದ ಅಪರ್ಚರ್ ಬದಲಿಸೋಕೂ ಆಗಲ್ಲ. ಅದಕ್ಕೇ ಅಪರ್ಚರ್ ರಿಂಗ್ ಇರೋ ಹಳೇ ಲೆನ್ಸಿಗೆ ಈಗಲೂ ಬೆಲೆ. ಲೆನ್ಸ್ ಬದಲಾಯಿಸೋದನ್ನು ರೂಮಿನೊಳಗೇ ಮಾಡಿ. ನಾವು ಹುಲ್ಲಿನ ನಡುವೆ ಗಾಳಿಗೆ ಎದುರಾಗಿ ನಿಂತು ಬದಲಾಯಿಸಿದೆವು. ಆಮೇಲಿನ ಎರಡು ವಾರದ ಎಲ್ಲಾ ಫೋಟೋಗಳ ಬಲಮೂಲೆಯಲ್ಲಿ ಒಂದೇ ಆಕಾರದ ಕಪ್ಪು ಚುಕ್ಕಿ ಇದೆ. ಸೆನ್ಸರ್ ಕ್ಲೀನ್ ಮಾಡಿಸಿದ ದುಡ್ಡಿನಲ್ಲಿ ಇನ್ನೂ ಎರಡು ರಿಂಗ್ ಬರ್ತಿತ್ತು.

ವರ್ಧನೆ ಎಷ್ಟು ಬಂತು ಅಂತ ಅಳೆಯೋಕೆ ಸ್ಟೀಲ್ ಸ್ಕೇಲಿನ ಫೋಟೋ ತೆಗೆಯಿರಿ. ಫ್ರೇಮಿನ ಅಗಲದಲ್ಲಿ ಎಷ್ಟು ಮಿ.ಮೀ. ಗೆರೆ ಕಾಣುತ್ತೋ ಎಣಿಸಿ. ಎಪಿಎಸ್-ಸಿ ಸೆನ್ಸರ್ ಅಗಲ ಸುಮಾರು 24 ಮಿ.ಮೀ.. ಫ್ರೇಮಿನಲ್ಲಿ 24 ಗೆರೆ ಕಂಡರೆ ಒಂದು ಪಟ್ಟು, 12 ಕಂಡರೆ ಎರಡು ಪಟ್ಟು.

ಈಗ ನಿಜವಾದ ಕಷ್ಟ. ಹೂವು ದೊಡ್ಡದಾಗಿ ಬಂತು, ಆದರೆ ಚೂಪಾಗಿರೋದು ಒಂದು ಗೆರೆಯಷ್ಟೇ ಜಾಗ. ಮೊದಲ ದಿನ ತೆಗೆದ ಇನ್ನೂರು ಚಿಲ್ಲರೆ ಫೋಟೋಗಳಲ್ಲಿ ನೂರೆಂಬತ್ತು ಹೀಗೇ ಹೋದವು. ಡೆಪ್ತ್ ಆಫ್ ಫೀಲ್ಡ್, ಅಂದರೆ ಎಷ್ಟು ಆಳದವರೆಗೆ ಚಿತ್ರ ಸ್ಪಷ್ಟವಾಗಿರುತ್ತೆ ಅನ್ನೋದು, ಹತ್ತಿರ ಹೋದಷ್ಟೂ ಕುಸಿಯುತ್ತೆ. ಒಂದು ಪಟ್ಟು ವರ್ಧನೆಯಲ್ಲಿ ಎಫ್ 8 ಇಟ್ಟರೆ, ಸೆನ್ಸರ್ ಮೇಲೆ 0.02 ಮಿ.ಮೀ. ಮಸುಕನ್ನು ಒಪ್ಪಿಕೊಂಡರೂ, ಸಿಗೋ ಆಳ ಸುಮಾರು 0.64 ಮಿ.ಮೀ. ಅರ್ಧ ಪಟ್ಟಿಗೆ ಇಳಿದರೆ ಅದೇ ಎಫ್ 8ರಲ್ಲಿ 1.9 ಮಿ.ಮೀ. ನಮ್ಮ ಅನುಭವದಲ್ಲಿ ಇದೇ ಒಳ್ಳೆಯ ರಾಜಿ. ಹೊಸದಾಗಿ ಕೈ ಹಾಕೋರು ಆಸೆಬಿದ್ದು ಒಂದೇ ಸಲ ತುಂಬಾ ಹತ್ತಿರ ಹೋಗ್ತಾರೆ. ಸ್ವಲ್ಪ ಹಿಂದೆ ಬಂದರೆ ಮೂರು ಪಟ್ಟು ಆಳ ಸಿಗುತ್ತೆ.

ಹಾಗಾದರೆ ಎಫ್ 22 ಇಟ್ಟುಬಿಡೋಣ ಅಂತ ನಮಗೂ ಅನ್ನಿಸಿತ್ತು. ಆಳ ಸಿಕ್ಕಿತು, ಚೂಪು ಹೋಯಿತು. ಇಡೀ ಚಿತ್ರದ ಮೇಲೆ ತೆಳು ಎಣ್ಣೆ ಸವರಿದ ಹಾಗೆ. ಕಾರಣ ಡಿಫ್ರಾಕ್ಷನ್. ಸಣ್ಣ ತೂತಿನಿಂದ ಹಾದ ಬೆಳಕು ಚುಕ್ಕಿಯಾಗಿ ಬೀಳದೆ ತಟ್ಟೆಯಾಗಿ ಹರಡುತ್ತೆ ಅಂತ ಫಸ್ಟ್ ಇಯರ್ ಫಿಸಿಕ್ಸ್‌ನಲ್ಲಿ ಓದಿದ್ದೇ. ಇಲ್ಲಿ ಒಂದು ಮರೆಯಬಾರದ ವಿಷಯ ಇದೆ. ಲೆನ್ಸ್ ಮುಂದೆ ಬಂದಿರೋದರಿಂದ ಎಫ್ ಸಂಖ್ಯೆ ನೀವು ಇಟ್ಟಷ್ಟೇ ಆಗಿರಲ್ಲ. ಅದನ್ನು 'ವರ್ಧನೆ ಕೂಡಿಸು ಒಂದು' ಇಂದ ಗುಣಿಸಬೇಕು. ಒಂದು ಪಟ್ಟಿನಲ್ಲಿ ಎಫ್ 8 ಅಂದರೆ ವಾಸ್ತವವಾಗಿ ಎಫ್ 16, ಎಫ್ 16 ಅಂದರೆ 32. ಹಸಿರು ಬೆಳಕಿಗೆ ಎಫ್ 32ರಲ್ಲಿ ಒಂದು ಬಿಂದು ಸೆನ್ಸರ್ ಮೇಲೆ 43 ಮೈಕ್ರಾನ್ ಅಗಲದ ತಟ್ಟೆ ಆಗುತ್ತೆ. ಸೆನ್ಸರಿನ ಒಂದು ಪಿಕ್ಸೆಲ್ 4 ಮೈಕ್ರಾನ್ ಇದ್ದರೆ ಹತ್ತು ಪಿಕ್ಸೆಲ್ ಬಳಿದುಹೋದ ಹಾಗೆ. ಇದೇ ಗುಣಾಕಾರದಿಂದ ಬೆಳಕೂ ಕಾಲುಭಾಗಕ್ಕೆ ಇಳಿಯುತ್ತೆ. ಹಾಗಾಗಿ ಎಫ್ 8ರಿಂದ 11ರ ನಡುವೆ ಇರೋದು, ಉಳಿದದ್ದನ್ನು ಬೇರೆ ಉಪಾಯದಿಂದ ಗೆಲ್ಲೋದು.

ಎಲ್ಲಕ್ಕಿಂತ ಸುಲಭವಾದ ಉಪಾಯಕ್ಕೆ ಕಾಸು ಖರ್ಚಿಲ್ಲ. ಹೂವಿನಲ್ಲಿ ನಿಮಗೆ ಬೇಕಾದ ಭಾಗ ಯಾವ ಸಮತಲದಲ್ಲಿದೆ ಅಂತ ನೋಡಿ, ಸೆನ್ಸರನ್ನು ಅದಕ್ಕೆ ಸಮಾನಾಂತರವಾಗಿ ಹಿಡಿಯಿರಿ. ದಾಸವಾಳದ ಕೇಸರದ ಕೊಳವೆಯನ್ನು ಎದುರಿನಿಂದ ತೆಗೆದರೆ ತುದಿ ಮಾತ್ರ ಸ್ಪಷ್ಟ. ಪಕ್ಕಕ್ಕೆ ಬಂದು ಕೊಳವೆ ಉದ್ದಕ್ಕೂ ಸಮಾನಾಂತರವಾಗಿ ಹಿಡಿದರೆ, ಅದೇ ಒಂದು ಮಿಲಿಮೀಟರಿನ ಆಳದಲ್ಲಿ ತುದಿಯ ಐದು ಕೆಂಪು ಗುಂಡಿಗಳಿಂದ ಹಿಡಿದು ಕೆಳಗಿನ ಕೇಸರಗಳ ಸಾಲಿನವರೆಗೆ ಕಾಣುತ್ತೆ. ಐದು ಗುಂಡಿಗಳು ಶಲಾಕಾಗ್ರ. ಹಳದಿ ಪುಡಿ ಹೊತ್ತಿರೋವು ಕೇಸರಗಳು. ಅವುಗಳ ಕಾಲುಗಳೆಲ್ಲ ಒಂದಕ್ಕೊಂದು ಅಂಟಿ ಕೊಳವೆಯಾಗಿ ಶಲಾಕೆಯ ದಂಟನ್ನು ಸುತ್ತಿಕೊಂಡಿವೆ. ಈ ಕೊಳವೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕೆಂಪು ದಾಸವಾಳ ತೆಗೆಯೋರಿಗೆ ಇನ್ನೊಂದು ಮಾತು. ದಳದ ಮೇಲಿನ ನರಗಳೆಲ್ಲ ಕಣ್ಣಿಗೆ ಚೆನ್ನಾಗಿ ಕಾಣುತ್ತೆ, ಫೋಟೋದಲ್ಲಿ ಮಾತ್ರ ಬಣ್ಣ ಬಳಿದ ತಗಡು. ಕ್ಯಾಮೆರಾ ಬೆಳಕು ಅಳೆಯುವಾಗ ಮೂರೂ ಬಣ್ಣ ಕೂಡಿಸಿ ಸರಾಸರಿ ನೋಡುತ್ತೆ. ಹಸಿರು, ನೀಲಿ ಕಮ್ಮಿ ಇರೋದರಿಂದ 'ಇನ್ನೂ ಬೆಳಕು ಬೇಕು' ಅಂದುಕೊಳ್ಳುತ್ತೆ. ಅಷ್ಟರಲ್ಲಿ ಕೆಂಪು ಚಾನೆಲ್ ತುಂಬಿ ಚೆಲ್ಲಿರುತ್ತೆ. ಕ್ಯಾಮೆರಾದಲ್ಲಿ ಮೂರು ಬಣ್ಣದ ಹಿಸ್ಟೋಗ್ರಾಂ ಬೇರೆ ಬೇರೆ ತೋರಿಸೋ ಆಯ್ಕೆ ಇದ್ದರೆ ಕೆಂಪಿನದ್ದನ್ನು ನೋಡಿ, ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ. ಬಿಳಿ ಹೂವಿನಲ್ಲಿ ಲೆಕ್ಕ ಎರಡು ಥರ. ಫ್ರೇಮ್ ತುಂಬಾ ಬಿಳಿಯೇ ಇದ್ದರೆ ಮಲ್ಲಿಗೆ ಬೂದಿ ಬಣ್ಣಕ್ಕೆ ತಿರುಗುತ್ತೆ, ಆಗ ಒಂದು ಸ್ಟಾಪ್ ಏರಿಸಬೇಕು. ಕಪ್ಪು ಹಿನ್ನೆಲೆಯಲ್ಲಿ ಒಂದೇ ಒಂದು ತುಂಬೆ ಹೂವಿದ್ದರೆ ಉಲ್ಟಾ, ಇಳಿಸಬೇಕು.

ಆಮೇಲೆ ಗಾಳಿ. ಒಂದು ಪಟ್ಟಿನಲ್ಲಿ 24 ಮಿ.ಮೀ. ಜಾಗವನ್ನು 6000 ಪಿಕ್ಸೆಲ್‌ಗಳಿಗೆ ಹರಡಿದರೆ ಒಂದು ಮಿ.ಮೀ.ಗೆ 250 ಪಿಕ್ಸೆಲ್. ಹೂವು ಸೆಕೆಂಡಿಗೆ ಒಂದೇ ಸೆಂ.ಮೀ. ತೂಗಿದರೂ, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ 25 ಪಿಕ್ಸೆಲ್ ಸರಿದಿರುತ್ತೆ. 1/500ಕ್ಕೆ ಹೋದರೆ 5 ಪಿಕ್ಸೆಲ್. ಇದಕ್ಕೇ ನಾವು ಭಾನುವಾರದ ನಿದ್ದೆ ಬಿಟ್ಟದ್ದು. ಸೂರ್ಯ ಹುಟ್ಟೋ ಹೊತ್ತಿಗೆ ಗಾಳಿ ಸಾಮಾನ್ಯವಾಗಿ ನಿಂತಿರುತ್ತೆ, ನೆಲ ಕಾದ ಮೇಲೆ ಶುರು. ಒಂದು ಬಿದಿರು ಕಡ್ಡಿ ನೆಟ್ಟು ಬಟ್ಟೆ ಕ್ಲಿಪ್ಪಿನಿಂದ ಹೂವಿನ ದಂಟನ್ನು ಹಗುರಾಗಿ ಹಿಡಿಸಿದರೆ ಅರ್ಧ ಕಷ್ಟ ಕಳೆಯಿತು. ಕ್ಲಿಪ್ಪಿನ ಬಾಯಿಗೆ ಸ್ವಲ್ಪ ಹತ್ತಿ ಸುತ್ತಿ, ಇಲ್ಲದಿದ್ದರೆ ದಂಟು ಜಜ್ಜಿಹೋಗುತ್ತೆ.

ಬೆಳಿಗ್ಗೆ ಬೇಗ ಹೋಗೋದರಲ್ಲಿ ಸ್ಪರ್ಧೆಯೂ ಇದೆ. ಕ್ವಾರ್ಟರ್ಸ್ ಬೇಲಿಯ ದಾಸವಾಳ ಪೂಜೆಗೆ ಹೋಗೋದು ಆರೂಕಾಲಿಗೆ. ನಾವು ಟ್ರೈಪಾಡ್ ಬಿಚ್ಚೋದರೊಳಗೆ ಅಜ್ಜಿಯೊಬ್ಬರು ಬುಟ್ಟಿ ತುಂಬಿಕೊಂಡು, "ಒಂದ್ ಬಿಟ್ಟಿದೀನಿ ನೋಡ್ರಪ್ಪಾ ನಿಮ್ಗೆ" ಅಂತ ಹೇಳಿ ಹೋಗಿರ್ತಿದ್ರು.

ಇಬ್ಬನಿ ಬಗ್ಗೆ ಒಂದು ಸಣ್ಣ ಸಂಗತಿ. ಹುಲ್ಲಿನ ಎಸಳಿನ ತುದಿಯಲ್ಲಿ, ಕೆಲವು ಎಲೆಗಳ ಅಂಚಿನಲ್ಲಿ ಮಣಿ ಪೋಣಿಸಿದ ಹಾಗೆ ಒಂದೇ ಅಂತರದಲ್ಲಿ ಕೂತಿರೋ ಹನಿಗಳು ಬಹಳ ಸಲ ಇಬ್ಬನಿ ಅಲ್ಲ. ರಾತ್ರಿ ಬೇರು ಎಳೆದುಕೊಂಡ ನೀರನ್ನು ಗಿಡವೇ ಎಲೆಯಂಚಿನ ಸಣ್ಣ ರಂಧ್ರಗಳಿಂದ ಹೊರಹಾಕಿರುತ್ತೆ. ಇಬ್ಬನಿ ಎಲ್ಲ ಕಡೆ ಚೆಲ್ಲಾಪಿಲ್ಲಿ ಇರುತ್ತೆ, ಇವು ಲೆಕ್ಕ ಹಾಕಿ ಇಟ್ಟ ಹಾಗಿರುತ್ತೆ. ಆ ಹನಿಯ ಹಿಂದೆ ಹೂವು ಬರೋ ಹಾಗೆ ಕೂತರೆ ಹನಿಯೊಳಗೆ ತಲೆಕೆಳಗಾದ ಪುಟ್ಟ ಹೂವು ಕಾಣುತ್ತೆ. ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ 'ಇಬ್ಬನಿ' ಮಾಡೋರಿದ್ದಾರೆ. ಅದು ಅವರವರ ಇಷ್ಟ, ಆದರೆ ಬೆಳಗಿನ ಇಬ್ಬನಿ ಅಂತ ಶೀರ್ಷಿಕೆ ಕೊಡೋದು ಬೇಡ. ಹುಳುಗಳನ್ನು ಫ್ರಿಜ್ಜಿನಲ್ಲಿಟ್ಟು ಜಡ ಮಾಡಿ ಹೂವಿನ ಮೇಲೆ ಕೂರಿಸೋದನ್ನಂತೂ ನಾವು ಮಾಡಲ್ಲ, ಯಾರೂ ಮಾಡಬಾರದು.

ಬೆಳಕಿನ ವಿಷಯದಲ್ಲಿ ನಮ್ಮ ಬ್ರಾಂಚುಗಳ ಅದೃಷ್ಟ ದೊಡ್ಡದು. ಇಂಜಿನಿಯರಿಂಗ್ ಡ್ರಾಯಿಂಗಿನ ಬಿಳಿ ಶೀಟು ಒಳ್ಳೆಯ ರಿಫ್ಲೆಕ್ಟರ್. ಟ್ರೇಸಿಂಗ್ ಪೇಪರ್ ಬಹಳ ಒಳ್ಳೆಯ ಡಿಫ್ಯೂಸರ್. ಬಿಸಿಲಿಗೂ ಹೂವಿಗೂ ನಡುವೆ ಒಂದಡಿ ಅಗಲದ ಟ್ರೇಸಿಂಗ್ ಪೇಪರ್ ಹಿಡಿದರೆ ದಳದ ಮೇಲಿನ ಹೊಳಪಿನ ಬಿಳಿ ಕಲೆಗಳು ಹೋಗಿ ಮಡಿಕೆಗಳೆಲ್ಲ ಕಾಣೋಕೆ ಶುರು. ಪೇಪರ್ ಹೂವಿಗೆ ಹತ್ತಿರ ಇದ್ದಷ್ಟೂ ಬೆಳಕು ಮೃದು. ಹೂವಿನ ಕಣ್ಣಿಂದ ನೋಡಿದರೆ ಬೆಳಕಿನ ಮೂಲ ಆಕಾಶದಷ್ಟು ದೊಡ್ಡದಾಗಿ ಕಾಣಬೇಕು, ಅಷ್ಟೇ ಗುಟ್ಟು. ಡ್ರಾಫ್ಟರ್ ಮಾತ್ರ ಯಾವುದಕ್ಕೂ ಉಪಯೋಗಕ್ಕೆ ಬರಲಿಲ್ಲ. ಅದು ಡ್ರಾಯಿಂಗಿಗೂ ಅಷ್ಟಕ್ಕಷ್ಟೆ.

ಆಳ ಸಾಲದು ಅನ್ನೋದಕ್ಕೆ ದೊಡ್ಡ ಮದ್ದು ಫೋಕಸ್ ಸ್ಟ್ಯಾಕಿಂಗ್. ಹೂವಿನ ಮುಂತುದಿಯಿಂದ ಹಿಂತುದಿಯವರೆಗೆ ಫೋಕಸ್ಸನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಹತ್ತಾರು ಫೋಟೋ ತೆಗೆದು, ಪ್ರತಿಯೊಂದರಿಂದಲೂ ಸ್ಪಷ್ಟವಾದ ಭಾಗ ಮಾತ್ರ ಆರಿಸಿ ಒಂದೇ ಚಿತ್ರ ಮಾಡೋದು. 12 ಮಿ.ಮೀ. ಆಳದ ಹೂವು, ಪ್ರತಿ ಫೋಟೋಗೆ 0.64 ಮಿ.ಮೀ. ಆಳ. ಒಂದರ ಮೇಲೊಂದು ಸ್ವಲ್ಪ ಹೊಂದಬೇಕಾದ್ದರಿಂದ 0.4 ಮಿ.ಮೀ. ಹೆಜ್ಜೆ, ಹತ್ತಿರ ಹತ್ತಿರ 30 ಫೋಟೋ. ಕ್ಯಾಮೆರಾವನ್ನು 0.4 ಮಿ.ಮೀ. ಸರಿಸೋದು ಹೇಗೆ? ಅಂಗಡಿಯಲ್ಲಿ ಇದಕ್ಕೆ ರೈಲ್ ಅಂತ ಸಿಗುತ್ತೆ. ನಾವು ವರ್ಕ್‌ಶಾಪಿನಲ್ಲಿ ಒಂದು ಡ್ರಾಯರ್ ಚಾನೆಲ್, ಎರಡು ಪ್ಲೈವುಡ್ ತುಂಡು, ಒಂದು ಎಂ8 ಥ್ರೆಡ್ ರಾಡ್ ಸೇರಿಸಿ ಮಾಡಿಕೊಂಡೆವು. ಎಂ8ರ ಪಿಚ್ 1.25 ಮಿ.ಮೀ.. ಒಂದು ಸುತ್ತಿಗೆ ಅಷ್ಟು ಮುಂದೆ ಹೋಗುತ್ತೆ, ಮೂರನೇ ಒಂದು ಸುತ್ತಿಗೆ 0.42. ಬಾಟಲಿ ಮುಚ್ಚಳಕ್ಕೆ ಮೂರು ಗುರುತು ಹಾಕಿ ರಾಡಿನ ತುದಿಗೆ ಸಿಕ್ಕಿಸಿದರೆ ಡಯಲ್ ರೆಡಿ. ಬ್ಯಾಕ್‌ಲ್ಯಾಶ್ ಇರುತ್ತೆ, ಹಾಗಾಗಿ ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಿ, ಎರಡು ರಬ್ಬರ್ ಬ್ಯಾಂಡ್ ಎಳೆದು ಕಟ್ಟಿ. ಇದನ್ನು ಮಷೀನ್ ಶಾಪ್ ವೈವಾದಲ್ಲಿ ಉದಾಹರಣೆಯಾಗಿ ಹೇಳಿ ನಮ್ಮಲ್ಲೊಬ್ಬ ಬಚಾವ್ ಆದ.

ಫೋಟೋಗಳನ್ನು ಜೋಡಿಸೋಕೆ ಉಚಿತ ಸಾಫ್ಟ್‌ವೇರ್ ಇದೆ. ಹ್ಯೂಗಿನ್ ಜೊತೆ ಬರೋ ಅಲೈನ್ ಇಮೇಜ್ ಸ್ಟ್ಯಾಕ್, ಎನ್‌ಫ್ಯೂಸ್ ಎರಡರಲ್ಲೇ ಕೆಲಸ ಮುಗಿಯುತ್ತೆ. ಕಂಪ್ಯೂಟರ್ ಸೈನ್ಸ್‌ನವರು ತಾವೇ ಬರೆಯಬಹುದು. ಮೊದಲು ಎಲ್ಲಾ ಫೋಟೋ ಒಂದಕ್ಕೊಂದು ಹೊಂದಿಸಿ, ಪ್ರತಿಯೊಂದಕ್ಕೂ ಲ್ಯಾಪ್ಲಾಸಿಯನ್ ಫಿಲ್ಟರ್ ಹಾಕಿ, ಪ್ರತಿ ಪಿಕ್ಸೆಲ್ ಜಾಗದಲ್ಲಿ ಯಾವ ಫೋಟೋದ ಉತ್ತರ ಹೆಚ್ಚೋ ಅದರ ಬಣ್ಣ ತೊಗೊಂಡರೆ ಒರಟಾದ ಸ್ಟ್ಯಾಕ್ ಬರುತ್ತೆ. ಗದ್ದಲ ಕಮ್ಮಿ ಮಾಡೋಕೆ ಆ ಉತ್ತರವನ್ನು ಸ್ವಲ್ಪ ಬ್ಲರ್ ಮಾಡಿ ಹೋಲಿಸಬೇಕು. ಮೂವತ್ತು ಫೋಟೋ ಮುಗಿಯೋತನಕ ಹೂವು ಅಲುಗಬಾರದು ಅನ್ನೋದು ಷರತ್ತು. ಇರುವೆ ಬಂದರೆ ಅಂತಿಮ ಚಿತ್ರದಲ್ಲಿ ಅದಕ್ಕೆ ಹದಿನೆಂಟು ಕಾಲು.

ಇಷ್ಟೆಲ್ಲ ಕಲಿತು ನವೆಂಬರ್ ಹೊತ್ತಿಗೆ 23 ಗಿಡಗಳ ಫೋಟೋ ಆಯಿತು. ಅದರಲ್ಲಿ ಒಂದು ನಮಗೆಲ್ಲರಿಗೂ ಪ್ರಿಯವಾದದ್ದು. ಒಂದು ಸೆಂ.ಮೀ. ಚಿಲ್ಲರೆ ಅಗಲದ ಹಳದಿ ಹೂವು, ಐದು ದಳ. ಕಾಲಿಗೆ ಸಿಕ್ಕರೆ ಯಾರೂ ನೋಡದ ಕಳೆ. ಅದರ ಸ್ಟ್ಯಾಕ್ ಮುಗಿದು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿದಾಗ ರೂಮಿನಲ್ಲಿದ್ದ ನಾಲ್ಕೂ ಜನ ಒಟ್ಟಿಗೆ "ಏಯ್, ದಾಸವಾಳ!" ಅಂದೆವು. ನಡುವೆ ಅದೇ ಕೊಳವೆ. ಎರಡು-ಮೂರು ಮಿ.ಮೀ. ಎತ್ತರ, ಕೇಸರಗಳೆಲ್ಲ ಕಾಲು ಅಂಟಿಸಿಕೊಂಡು ಶಲಾಕೆಯನ್ನು ಸುತ್ತಿಕೊಂಡಿವೆ. ಬೇಲಿಯ ದಾಸವಾಳದ ಚಿಕ್ಕಮ್ಮನ ಮಗಳು ಹಾಸ್ಟೆಲ್ ಹಿಂದೆ ಬೆಳೀತಿದ್ದಳು, ನಮಗೆ ಗೊತ್ತೇ ಇರಲಿಲ್ಲ.

ನಮ್ಮಲ್ಲೊಬ್ಬಳ ಅತ್ತೆ ಪದವಿ ಕಾಲೇಜಿನಲ್ಲಿ ಬಾಟನಿ ಪಾಠ ಮಾಡ್ತಾರೆ. ಹೆಮ್ಮೆಯಿಂದ ಫೋಟೋ ಕಳಿಸಿದೆವು. ಅವರು ಫೋನ್ ಮಾಡಿ, "ಚೆನ್ನಾಗಿದೆ ಕಣೇ. ದಾಸವಾಳದ ಕುಟುಂಬ, ಸೀಡಾ ಇರಬೇಕು. ಆದ್ರೆ ಯಾವ ಸೀಡಾ? ಎಲೆ ಎಲ್ಲಿ? ಹೂವಿನ ಬೆನ್ನು ಎಲ್ಲಿ? ಕಾಯಿ?" ಅಂತ ಕೇಳಿದರು.

ಎಲೆ ಇರಲಿಲ್ಲ. ಹಿನ್ನೆಲೆ ಮೃದುವಾಗಿ, ಹಸಿರಾಗಿ, ಕೆನೆಯ ಹಾಗೆ ಕರಗಿರಬೇಕು ಅಂತ ನಾವೇ ಕಷ್ಟಪಟ್ಟು ಎಲೆಗಳನ್ನೆಲ್ಲ ಬದಿಗೆ ಸರಿಸಿದ್ದೆವು. ಸೀಡಾದಲ್ಲಿ ಹಲವು ಪ್ರಭೇದಗಳಿವೆ. ಹೂವು ನೋಡಿ ಬೇರೆ ಮಾಡೋದು ಕಷ್ಟ. ಎಲೆಯ ಆಕಾರ, ಅದರ ಮೇಲಿನ ರೋಮ, ಒಣಗಿದ ಕಾಯಿ ಎಷ್ಟು ಹೋಳಾಗುತ್ತೆ, ಹೋಳಿನ ತುದಿಯಲ್ಲಿ ಮುಳ್ಳಿದೆಯಾ ಅನ್ನೋದು ಬೇಕು. ಹೂವಿನ ಬೆನ್ನೂ ಮುಖ್ಯ ಅಂತ ಅವತ್ತು ಗೊತ್ತಾಯಿತು. ದಾಸವಾಳವನ್ನು ತಿರುಗಿಸಿ ನೋಡಿ. ಹಸಿರು ಬಟ್ಟಲಿನ ಹೊರಗೆ ಸಣ್ಣ ಹಸಿರು ಎಳೆಗಳ ಇನ್ನೊಂದು ಸುತ್ತು ಇರುತ್ತೆ. ಸೀಡಾದಲ್ಲಿ ಆ ಹೊರಸುತ್ತು ಇಲ್ಲ. ನಮ್ಮ ಫೋಟೋದಲ್ಲಿ ಇದೆಯೋ ಇಲ್ಲವೋ ಹೇಳೋಕೆ ಆಗಲ್ಲ, ಯಾಕೆಂದರೆ ನಾವು ಯಾವ ಹೂವಿನ ಬೆನ್ನನ್ನೂ ತೆಗೆದಿರಲಿಲ್ಲ.

23ರಲ್ಲಿ 14ಕ್ಕೆ ಹೆಸರು ಸಿಕ್ಕಿತು. ತುಂಬೆಗೆ ಮಾಲಿ ಅಣ್ಣನೇ ಸಾಕಾದರು, "ಶಿವನ್ ಪೂಜೆಗೆ ಹಾಕ್ತಾರಲ್ಲ ಕಣ್ರಪ್ಪಾ" ಅಂದರು. ಉತ್ತರಾಣಿ ಪ್ಯಾಂಟಿಗೆ ಅಂಟಿಕೊಂಡು ತನ್ನ ಪರಿಚಯ ತಾನೇ ಮಾಡಿಕೊಂಡಿತ್ತು. ಟ್ರೈಡಾಕ್ಸ್ ಸುಲಭ. ಹೊರಸುತ್ತಿನ ಒಂದೊಂದು 'ದಳ'ದ ತುದಿಯಲ್ಲೂ ಮೂರು ಹಲ್ಲು. ಅಂದಹಾಗೆ ಅದು ದಳವೂ ಅಲ್ಲ. ಸೇವಂತಿಗೆ, ಸೂರ್ಯಕಾಂತಿ, ಟ್ರೈಡಾಕ್ಸ್, ಕಾಂಗ್ರೆಸ್ ಗಿಡ ಇವೆಲ್ಲದರಲ್ಲೂ ನಾವು ಒಂದು ಹೂವು ಅನ್ನೋದು ಹತ್ತಾರು ಪುಟ್ಟ ಹೂವುಗಳ ಗುಂಪು. ಕಾಂಗ್ರೆಸ್ ಗಿಡದ ಬಿಳಿ ಚುಕ್ಕಿಯನ್ನು ಎರಡು ಪಟ್ಟಿನಲ್ಲಿ ನೋಡಿದರೆ ಅಂಚಿನಲ್ಲಿ ಐದು ಪುಟ್ಟ ಹೂವು, ನಡುವೆ ಒಂದು ಸಂತೆ. ಚೆಂದ ಇದೆ, ಆದರೆ ಅದರ ನಡುವೆ ಮಲಗಿ ತೆಗೆಯೋಕೆ ಹೋಗಬೇಡಿ. ಅದು ಚರ್ಮಕ್ಕೆ ಅಲರ್ಜಿ ಮಾಡೋ ಗಿಡ. ಒಬ್ಬನ ಮೊಣಕೈ ಎರಡು ವಾರ ಕೆಂಪಾಗಿತ್ತು.

ಉಳಿದ 9 ಗಿಡಗಳು ಇವತ್ತಿಗೂ 'ಹಳದಿ 2', 'ನೇರಳೆ ಗೊಂಚಲು', 'ಗೊತ್ತಿಲ್ಲ 4' ಅನ್ನೋ ಫೋಲ್ಡರುಗಳಲ್ಲಿವೆ. ಐನ್ಯಾಚುರಲಿಸ್ಟ್‌ಗೆ ಹಾಕಿದೆವು. ಅಲ್ಲಿಯ ಜನರೂ ಅತ್ತೆಯ ಪ್ರಶ್ನೆಯನ್ನೇ ಕೇಳಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನವರು ಕರ್ನಾಟಕದ ಸಸ್ಯಗಳನ್ನು ಆನ್‌ಲೈನಿನಲ್ಲಿ ಹಾಕಿದ್ದಾರೆ. ಅಲ್ಲಿ ಹೋಲಿಸೋಣ ಅಂದರೆ ಹೋಲಿಸೋಕೆ ಬೇಕಾದ ಭಾಗಗಳೇ ನಮ್ಮ ಬಳಿ ಇಲ್ಲ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಲೈಬ್ರರಿಯಲ್ಲಿ ಸಿಕ್ಕಿತು. ಅದರಲ್ಲಿರೋ ಗೆರೆಚಿತ್ರಗಳನ್ನು ನೋಡಿ ಸ್ವಲ್ಪ ನಾಚಿಕೆಯಾಯಿತು. ಪೆನ್ನಿನ ಗೆರೆಗೆ ಡೆಪ್ತ್ ಆಫ್ ಫೀಲ್ಡ್ ಇಲ್ಲ. ಯಾವುದು ಬೇಕು ಅಂತ ಗೊತ್ತಿದ್ದವರು ಬೇಕಾದ್ದನ್ನು ತೋರಿಸ್ತಾರೆ.

ಮತ್ತೆ ಹೋಗಿ ಎಲೆ ತೆಗೆಯೋಣ ಅಂತ ಇಂಟರ್ನಲ್ಸ್ ಮುಗಿಯೋದನ್ನೇ ಕಾಯ್ತಿದ್ದೆವು. ಇಂಟರ್ನಲ್ಸ್ ಮುಗಿದ ದಿನ ಮಧ್ಯಾಹ್ನ ಹೋದಾಗ ಜೆಸಿಬಿ ಬಂದು ಹೋಗಿತ್ತು. ಕೆಂಪು ಮಣ್ಣು, ಸುಣ್ಣದ ಗೆರೆ, ನಾಲ್ಕು ಗೂಟ. ಬ್ಲಾಕ್ ಬೇಕಾಗಿತ್ತು ಅನ್ನೋದರಲ್ಲಿ ನಮಗೇನೂ ತಕರಾರಿಲ್ಲ, ಲ್ಯಾಬಿನಲ್ಲಿ ಒಂದು ಸಿಸ್ಟಂಗೆ ಮೂವರು ಕೂರೋದು ನಾವೇ. ನಾಲ್ಕು ಭಾನುವಾರ ಅಲ್ಲೇ ಇದ್ದು, ಕೈಗೆ ಸಿಗೋ ದೂರದಲ್ಲಿದ್ದ ಎಲೆಯನ್ನು ಒಂದು ಸಲ ಫೋನಿನಲ್ಲಾದರೂ ತೆಗೆಯಲಿಲ್ಲವಲ್ಲ ಅನ್ನೋದು ಮಾತ್ರ ಇನ್ನೂ ಚುಚ್ಚುತ್ತೆ.

ಹಾಗಾಗಿ ಈಗ ನಮ್ಮ ಕ್ರಮ ಬದಲಾಗಿದೆ. ಮೊದಲು ಇಡೀ ಗಿಡ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಆಮೇಲೆ ಎಲೆಗಳು ಕಾಂಡದ ಮೇಲೆ ಎದುರುಬದುರಾಗಿವೆಯೋ ಒಂದಾದಮೇಲೊಂದೋ ಅಂತ ಕಾಣೋ ಹಾಗೆ ಒಂದು, ಎಲೆಯ ಮೇಲ್ಭಾಗ, ಕೆಳಭಾಗ. ಹೂವಿನ ಮುಖ, ಪಕ್ಕ, ಬೆನ್ನು. ಕಾಯಿ ಇದ್ದರೆ ಕಾಯಿ. ಇದೆಲ್ಲಾ ಫೋನಿನಲ್ಲೇ ಎರಡು ನಿಮಿಷದ ಕೆಲಸ. ರೈಲು, ರಿವರ್ಸ್ ರಿಂಗು, ಕೆನೆಯಂಥ ಹಿನ್ನೆಲೆ ಎಲ್ಲ ಆಮೇಲೆ.

ಜೆಸಿಬಿ ಎತ್ತಿಹಾಕಿದ ಮಣ್ಣಿನ ಗುಡ್ಡೆ ಇನ್ನೂ ಕ್ಯಾಂಟೀನ್ ಕಾಂಪೌಂಡಿನ ಪಕ್ಕ ಬಿದ್ದಿದೆ. ಹೋದ ವಾರದ ಮಳೆಗೆ ಅದರ ಮೇಲೆ ಹಸಿರು ಬಂದಿದೆ. ಒಂದು ಗಿಡದ ಎಲೆಯಂಚು ಗರಗಸದ ಹಾಗಿದೆ, ಇನ್ನೂ ಮೊಗ್ಗಿಲ್ಲ. 'ಹಳದಿ 2' ಇರಬಹುದೇನೋ ಅಂತ ನಮ್ಮಲ್ಲಿ ಇಬ್ಬರ ವಾದ, ಇನ್ನಿಬ್ಬರದ್ದು ಅಲ್ಲ ಅಂತ. ಎಲೆಯ ಎರಡೂ ಬದಿ ತೆಗೆದಾಗಿದೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಮೆಸ್ ಎದುರು ಸೇರ್ತೀವಿ. ಬರೋರು ಸ್ಟೀಲ್ ಸ್ಕೇಲ್, ಬಟ್ಟೆ ಕ್ಲಿಪ್ ತನ್ನಿ, ತುಂಬು ತೋಳಿನ ಶರ್ಟ್ ಹಾಕಿಕೊಂಡು ಬನ್ನಿ.